ವೇದಾವತಿಯ ತೊಂಬತ್ತು ನಿಮಿಷ

ಪ್ರಶ್ನೆಪತ್ರಿಕೆ ಕೈಗೆ ಬಂತೆಂದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ತುಟಿ ಅಲ್ಲಾಡಿಸಿಕೊಂಡು ಓದುವುದು ವೇದಾವತಿಯವರ ಪದ್ಧತಿ. ಚೆಟ್ಟಳ್ಳಿ ರಸ್ತೆಯ ಗುಡ್ಡದ ಮೇಲೆ ಒಂದು ಟ್ರಸ್ಟಿನವರು ಕಟ್ಟಿಸಿದ ಖಾಸಗಿ ಮೆಡಿಕಲ್ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಅವರು ಗುಮಾಸ್ತೆಯಾಗಿ ಸೇರಿ ಹದಿನಾರು ವರ್ಷವಾಗಿತ್ತು. ಈಗ ಅಲ್ಲಿಯೇ ಸೂಪರಿಂಟೆಂಡೆಂಟ್. ಅವರ ತಂದೆ ಭಾಗಮಂಡಲದ ಕಡೆಯ ಒಂದು ಊರಿನಲ್ಲಿ ದೇವಸ್ಥಾನದ ಅರ್ಚಕರಾಗಿದ್ದವರು. ಬರೀ ಕಣ್ಣಿನಲ್ಲಿ ಓದಿದರೆ ಅಕ್ಷರ ನುಂಗಿಹೋಗುತ್ತದೆ, ತುಟಿಯಲ್ಲಿ ಓದಿದರೆ ಒಂದೂ ತಪ್ಪಿಸಿಕೊಳ್ಳುವುದಿಲ್ಲ ಎಂದು ಮಗಳಿಗೆ ಹೇಳಿಕೊಟ್ಟಿದ್ದರು. ಅವರು ಮಂತ್ರಕ್ಕೆಂದು ಕಲಿಸಿದ್ದನ್ನು ಮಗಳು ಮೂತ್ರಪಿಂಡದ ಪ್ರಶ್ನೆಗಳಿಗೆ ಬಳಸಿದರು.

ವೈದ್ಯಕೀಯದ ಗಂಧಗಾಳಿ ಇಲ್ಲದಿದ್ದರೂ ಪತ್ರಿಕೆಯಲ್ಲಿನ ತಪ್ಪು ಅವರ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಐವತ್ತು ವರ್ಷದ ಪುರುಷನೆಂದು ಶುರುವಾದ ರೋಗಿ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಏಳು ತಿಂಗಳ ಗರ್ಭಿಣಿಯಾಗಿದ್ದನ್ನು ಹಿಡಿದದ್ದು ಅವರೇ. ಹಳೆಯ ಪ್ರಶ್ನೆಯನ್ನು ಕತ್ತರಿಸಿ ಹೊಸದಕ್ಕೆ ಅಂಟಿಸಿದ್ದ ಪ್ರೊಫೆಸರು ಥ್ಯಾಂಕ್ಸ್ ಹೇಳುವ ಬದಲು ಮುಖ ಊದಿಸಿಕೊಂಡು ಹೋಗಿದ್ದರು. ಇನ್ನೊಂದು ಅಭ್ಯಾಸವೂ ಅವರಿಗಿತ್ತು. ಓದಲು ಕೂತ ಸಮಯ, ಮುಗಿಸಿ ಎದ್ದ ಸಮಯ ಎರಡನ್ನೂ ಕರಡುಪ್ರತಿಯ ಮೇಲಿನ ಹಾಳೆಯ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಬರೆದಿಡುತ್ತಿದ್ದರು. ಸೇರಿದ ಹೊಸತರಲ್ಲಿ ಟ್ರಸ್ಟಿಯೊಬ್ಬರು ಬಂದು, ಇವರು ಇಡೀ ದಿನ ಕೂತು ಮಾಡುವುದಾದರೂ ಏನು ಎಂದು ಕೇಳಿದ್ದರು. ಆ ಕೋಪಕ್ಕೆ ಶುರುಮಾಡಿದ್ದು, ಟ್ರಸ್ಟಿ ಮತ್ತೆ ಕೇಳದಿದ್ದರೂ ನಿಂತಿರಲಿಲ್ಲ.

ಆ ಸಲದ ಮೆಡಿಸಿನ್ ಇಂಟರ್ನಲ್ ಪರೀಕ್ಷೆಯ ಪತ್ರಿಕೆ ಬಂದಾಗ ಅದರ ತೂಕಕ್ಕೇ ಅವರಿಗೆ ರೇಗಿತು. ನೂರು ಬಹು ಆಯ್ಕೆ ಪ್ರಶ್ನೆಗಳು, ಇಪ್ಪತ್ತಾರು ಪುಟ. ಬರೆದವರು ವಿಭಾಗದ ಮುಖ್ಯಸ್ಥ ಡಾಕ್ಟರ್ ವಿಷ್ಣುಪ್ರಸಾದ್. ಅವರ ಪ್ರಶ್ನೆ ಎಂದರೆ ಪ್ರಶ್ನೆಯಲ್ಲ, ಸಂಸಾರದ ಕಥೆ. ನಲವತ್ತೆರಡು ವರ್ಷದ ತೋಟದ ಕಾರ್ಮಿಕನೊಬ್ಬ ಜ್ವರವೆಂದು ಬರುತ್ತಾನೆ. ಅವನು ಯಾವಾಗ ಬಂದ, ಬರುವ ಮೊದಲು ಯಾವ ಮಾತ್ರೆ ನುಂಗಿದ, ಅವನ ಅಣ್ಣನಿಗೆ ಏನಾಗಿತ್ತು, ಮನೆಯಲ್ಲಿ ನಾಯಿ ಉಂಟೋ ಇಲ್ಲವೋ ಎಲ್ಲವೂ ಬರುತ್ತದೆ. ಆಮೇಲೆ ಹದಿನಾಲ್ಕು ರಕ್ತಪರೀಕ್ಷೆಯ ಅಂಕಿಗಳು. ಕಡೆಗೆ ಒಂದೇ ಸಾಲಿನಲ್ಲಿ, ಮುಂದಿನ ಸೂಕ್ತ ಕ್ರಮ ಯಾವುದು ಎಂದು ಕೇಳಿ ನಾಲ್ಕು ಉತ್ತರ. ವೇದಾವತಿ ಹತ್ತು ಗಂಟೆ ಐದು ನಿಮಿಷಕ್ಕೆ ಓದಲು ಕೂತವರು ಹನ್ನೊಂದೂ ಹದಿನಾರಕ್ಕೆ ಮುಗಿಸಿದರು. ಮೂಲೆಯಲ್ಲಿ ಎಂದಿನಂತೆ ಸಮಯ ಬರೆದರು, ಎರಡು ಲೋಟ ನೀರು ಕುಡಿದರು, ಪತ್ರಿಕೆಯನ್ನು ಜೆರಾಕ್ಸಿಗೆ ಕಳಿಸಿದರು. ಪತ್ರಿಕೆಯ ತಲೆಯ ಮೇಲೆ ಎಂದಿನಂತೆ ‘ಅವಧಿ: ತೊಂಬತ್ತು ನಿಮಿಷ’ ಎಂದಿತ್ತು. ಅದರ ಬಗ್ಗೆ ಅವರು ಯೋಚಿಸಲೇ ಇಲ್ಲ.

ಯೋಚಿಸುವಂತೆ ಮಾಡಿದವಳು ಉಷಾರಾಣಿ. ಫಲಿತಾಂಶ ಹಾಕಿದ ಮರುದಿನ ಕಿಟಕಿಯ ಆಚೆ ಬಂದು ನಿಂತಳು. ಕುಶಾಲನಗರದ ಆಚೆ ಶುಂಠಿ, ಜೋಳ ಬೆಳೆಯುವ ಮನೆಯ ಹುಡುಗಿ. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದವರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಸರ್ಕಾರಿ ಕೋಟಾದಲ್ಲಿ ಸೀಟು ಗಿಟ್ಟಿಸಿಕೊಂಡು ಬಂದಿದ್ದಳು.

"ಮೇಡಂ, ನನ್ನ ಓಎಂಆರ್ ಹಾಳೆ ಒಂದ್ಸಲ ನೋಡ್ಬೋದಾ?"

ವೇದಾವತಿ ತೆಗೆದು ತೋರಿಸಿದರು. ಐವತ್ತೇಳು ಪ್ರಶ್ನೆಗೆ ಉತ್ತರ ತುಂಬಿದ್ದಳು. ಐವತ್ತು ಸರಿ, ಏಳು ತಪ್ಪು. ಐವತ್ತೆಂಟರಿಂದ ಕೆಳಗೆ ಹಾಳೆ ಖಾಲಿ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ನಿಯಮವಿದ್ದುದರಿಂದ ಕಣ್ಣುಮುಚ್ಚಿ ತುಂಬುವ ಹಾಗೂ ಇರಲಿಲ್ಲ. ಕಳೆದು ಉಳಿದದ್ದು ನಲವತ್ತೆಂಟೂಕಾಲು. ಪಾಸಾಗಲು ಐವತ್ತು ಬೇಕು. ಇಂಟರ್ನಲ್‌ನಲ್ಲಿ ಪಾಸಾಗದವರನ್ನು ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರಿಸುವುದಿಲ್ಲ. ಉಳಿದದ್ದು ಒಂದೇ ಮರುಪರೀಕ್ಷೆ. ಅದೂ ಕೈಕೊಟ್ಟರೆ ಉಷಾರಾಣಿ ತನ್ನ ಬ್ಯಾಚನ್ನು ಬಿಟ್ಟು ಹಿಂದೆ ಉಳಿಯಬೇಕು.

"ಇವೆಲ್ಲ ನಂಗೆ ಬರ್ತಿತ್ತು ಮೇಡಂ. ಹಾಸ್ಟೆಲ್‌ಗೆ ಹೋಗಿ ಮಿಕ್ಕಿದ್ದನ್ನ ಮಾಡ್ದೆ. ನಲವತ್ತಮೂರ್ರಲ್ಲಿ ಮೂವತ್ತಾರು ಸರಿ ಬಂತು. ನಾನು ಇಂಗ್ಲಿಷ್ ಓದೋದು ಒಸಿ ನಿಧಾನ. ಎರಡ್ಸಲ ಓದಿದ್ರೇನೆ ತಲೆಗೋಗೋದು."

"ಬೇಗ ಓದೋದು ಅಭ್ಯಾಸ ಮಾಡ್ಕೊಳ್ಳಮ್ಮ" ಎಂದು ವೇದಾವತಿಯವರ ಬಾಯಿಗೆ ಬಂತು. ಬಂದದ್ದು ತುದಿನಾಲಿಗೆಯಲ್ಲೇ ನಿಂತುಬಿಟ್ಟಿತು. ಇದೇ ಕಿಟಕಿಯಲ್ಲಿ, ಮೂರ್ನಾಲ್ಕು ವರ್ಷದ ಹಿಂದೆ, ಕರಿಕೆಯ ವಿನುತಾ ಎಂಬ ಹುಡುಗಿಗೆ ಅವರು ಇದೇ ಮಾತನ್ನು ಹೇಳಿದ್ದರು. ಅವಳೂ ಖಾಲಿ ಹಾಳೆ ತೋರಿಸಿ ಇದನ್ನೇ ಹೇಳಿದ್ದಳು. ಮರುಪರೀಕ್ಷೆಯಲ್ಲೂ ಅರ್ಧಕ್ಕೆ ನಿಂತು, ಬ್ಯಾಚಿನವರೆಲ್ಲ ಮುಂದೆ ಹೋದ ಮೇಲೆ ಜೂನಿಯರ್‌ಗಳ ಜೊತೆ ಕೂತು ಓದಿದ್ದಳು.

"ಎಷ್ಟು ಜನಕ್ಕೆ ಮುಗಿಸ್ಲಿಕ್ಕೆ ಆಗ್ಲಿಲ್ಲ?" ಎಂದು ಕೇಳಿದರು.

"ಸುಮಾರು ಜನಕ್ಕೆ ಮೇಡಂ. ಯಾರೂ ಹೇಳಲ್ಲ, ನಾಚ್ಕೆ."

ಅವಳು ಹೋದ ಮೇಲೆ ವೇದಾವತಿ ಬ್ಯಾಚಿನ ನೂರು ಮಂದಿಯ ಹಾಳೆಗಳನ್ನೂ ಮೇಜಿನ ಮೇಲೆ ಹರಡಿ ಎಣಿಸಿದರು. ಅರುವತ್ತಮೂರು ಹಾಳೆಗಳ ಕೊನೆಯ ಭಾಗ ಖಾಲಿ. ಅರುವತ್ತಮೂರು ಮಂದಿಗೂ ಇಂಗ್ಲಿಷ್ ಬಾರದೆಂದು ಹೇಳಲು ಸಾಧ್ಯವಿರಲಿಲ್ಲ; ಅವರಲ್ಲಿ ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ ಬಂದವರೂ ಇದ್ದರು. ಆಮೇಲೆ ಕರಡಿನ ಮೂಲೆಯನ್ನು ನೋಡಿದರು. ತಾವು ಏನನ್ನೂ ಯೋಚಿಸದೆ, ಉತ್ತರ ಹುಡುಕದೆ, ಬರೀ ಓದಿ ಮುಗಿಸಲು ಎಪ್ಪತ್ತೊಂದು ನಿಮಿಷ. ಮಕ್ಕಳಿಗೆ ಉಳಿಯುವುದು ಹತ್ತೊಂಬತ್ತು. ನೂರು ರೋಗಿಗಳ ಬಗ್ಗೆ ಯೋಚಿಸಿ, ನೂರು ವೃತ್ತ ತುಂಬಲು ಹತ್ತೊಂಬತ್ತು ನಿಮಿಷ. ಅವರಿಗೆ ಮೈ ಉರಿದುಹೋಯಿತು.

ಡಾಕ್ಟರ್ ವಿಷ್ಣುಪ್ರಸಾದ್ ಪರೀಕ್ಷಾ ಸಮಿತಿಯ ಅಧ್ಯಕ್ಷರೂ ಹೌದು. ವೇದಾವತಿ ಕರಡನ್ನು ಹಿಡಿದುಕೊಂಡು ಅವರ ಕೋಣೆಗೆ ಹೋದರು. ಅವರು ಕಾಫಿ ಕುಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡು, ಮಗುವಿಗೆ ಹೇಳುವಷ್ಟು ತಾಳ್ಮೆಯಿಂದ ಉತ್ತರಿಸಿದರು.

"ಮೇಡಂ, ನಾನು ಈ ಪೇಪರನ್ನ ಇಪ್ಪತ್ತೆಂಟು ನಿಮಿಷದಲ್ಲಿ ಮುಗಿಸ್ತೇನೆ. ಟೈಮ್ ನೋಡಿಯೇ ಮಾಡಿದ್ದೇನೆ. ಮೂರು ಪಟ್ಟು ಕೊಟ್ಟಿದ್ದೇವೆ ಅವರಿಗೆ."

"ಸರ್, ಬರೆದವರು ನೀವೇ ಅಲ್ವಾ? ರೋಗಿ ಬಾಯಿ ತೆಗೆಯೋ ಮೊದಲೇ ನಿಮಗೆ ರೋಗ ಗೊತ್ತುಂಟು."

ಅವರಿಗೆ ಅದು ತಮಾಷೆಯಾಗಿ ಕಾಣಲಿಲ್ಲ. "ಮುಂದೆ ಪಿಜಿ ಎಂಟ್ರೆನ್ಸಿನಲ್ಲಿ ಯಾರೂ ಇವರಿಗೋಸ್ಕರ ಕಾಯುವುದಿಲ್ಲ. ಎಮರ್ಜೆನ್ಸಿಯಲ್ಲಿ ರೋಗಿಯೂ ಕಾಯುವುದಿಲ್ಲ. ಸ್ಪೀಡ್ ಇರ್ಲೇಬೇಕು."

"ಎಮರ್ಜೆನ್ಸಿಯಲ್ಲಿ ರೋಗಿ ಇಪ್ಪತ್ತಾರು ಪುಟ ಇಂಗ್ಲಿಷ್ ಕೊಟ್ಟು ಓದು ಅನ್ನುದಿಲ್ಲ ಸರ್."

"ನೋಡಿ, ನಾನು ಅಂದ್ರೂ ಬದಲಾಗುದಿಲ್ಲ. ತೊಂಬತ್ತು ನಿಮಿಷ ಅಕಾಡೆಮಿಕ್ ಕೌನ್ಸಿಲ್ ತೀರ್ಮಾನ. ಕಾಲೇಜು ಶುರುವಾದಾಗ ತಿಳಿದವರು ಕೂತು ಯೋಚಿಸಿ ಮಾಡಿದ್ದು. ಅದನ್ನ ಮುಟ್ಟಬೇಕಾದ್ರೆ ಕಾರಣ ಬೇಕು."

ಆ ತಿಳಿದವರು ಯಾರೆಂದು ನೋಡಿಯೇಬಿಡಬೇಕೆಂದು ವೇದಾವತಿ ಹಟಕ್ಕೆ ಬಿದ್ದರು. ಎರಡು ದಿನ ಬೀರುಗಳನ್ನು ತಡಕಾಡಿದರು. ಕೌನ್ಸಿಲ್ಲಿನ ನಡಾವಳಿ ಪುಸ್ತಕಗಳಲ್ಲಿ ಕ್ಯಾಂಟೀನಿನ ಇಡ್ಲಿಯ ಗಾತ್ರದ ಬಗ್ಗೆ ಒಂದೂವರೆ ಪುಟದ ಚರ್ಚೆಯಿತ್ತು, ಹಾಸ್ಟೆಲಿನ ಗೇಟಿನ ಬಣ್ಣದ ಬಗ್ಗೆ ಉಪಸಮಿತಿಯಿತ್ತು. ಪರೀಕ್ಷೆಯ ಅವಧಿಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಹುಡುಕುತ್ತ ಹೋದಂತೆ ಹಳೆಯ ಕರಡುಪ್ರತಿಗಳ ಕಟ್ಟುಗಳು ಸಿಕ್ಕವು. ಮೊದಲ ವರ್ಷದ ನೂರು ಪ್ರಶ್ನೆಗಳು ಒಂಬತ್ತು ಪುಟದಲ್ಲಿ ಮುಗಿದಿದ್ದವು; ಒಂದೊಂದೂ ಒಂದೇ ಸಾಲು. ಯಾವ ವಿಟಮಿನ್ ಕಡಿಮೆಯಾದರೆ ಯಾವ ರೋಗ ಎಂಬಂಥವು. ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ ಇಪ್ಪತ್ತನಾಲ್ಕು ನಿಮಿಷ. ಮುಂದಿನ ಕಟ್ಟುಗಳಲ್ಲಿ ಮೂವತ್ತು, ಮೂವತ್ತೇಳು, ನಲವತ್ತಾರು, ಐವತ್ತೆಂಟು. ಈಗ ಎಪ್ಪತ್ತೊಂದು. ಅಷ್ಟೂ ಅವರದೇ ಕೈಬರಹ. ವರ್ಷವರ್ಷವೂ ಬರೆದಿಟ್ಟವರು ಅವರೇ, ಒಂದು ಸಲವೂ ತಿರುಗಿ ನೋಡದೆ ಇದ್ದವರೂ ಅವರೇ.

ಬೀರುವಿನ ಧೂಳು ಒರೆಸುತ್ತಿದ್ದ ಚೋಮಿ ಇವರ ಗೊಣಗಾಟವನ್ನು ಕೇಳಿಸಿಕೊಳ್ಳುತ್ತಿದ್ದಳು. ಸಿದ್ದಾಪುರದ ಎಸ್ಟೇಟಿನ ಕಾರ್ಮಿಕರ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದವಳು, ಕಾಲೇಜು ಶುರುವಾದ ದಿನದಿಂದ ಇಲ್ಲಿ ಅಟೆಂಡರ್. ಗುಡ್ಡದ ಮೇಲಿನ ಕರೆಂಟನ್ನು ನಂಬುವ ಹಾಗಿಲ್ಲವಾದ್ದರಿಂದ ವರಾಂಡದಲ್ಲಿ ತೂಗುಹಾಕಿದ್ದ ಹಿತ್ತಾಳೆಯ ಗಂಟೆಯನ್ನು ಪರೀಕ್ಷೆಯ ಶುರುವಿಗೂ ಕೊನೆಗೂ ಹೊಡೆಯುವುದು ಅವಳ ಕೆಲಸ.

"ಎಂತ ಹುಡುಕೋದು ಅಮ್ಮ ಎರಡ್ದಿನದಿಂದ?"

"ಎರಡೂವರೆಗೆ ಶುರು ಮಾಡಿ ನಾಲ್ಕು ಗಂಟೆಗೇ ಪರೀಕ್ಷೆ ಮುಗಿಸ್ಬೇಕು ಅಂತ ಯಾವ ಪುಣ್ಯಾತ್ಮ ಹೇಳಿದ್ದು ಅಂತ ಹುಡುಕ್ತಾ ಇದ್ದೇನೆ ಚೋಮಿ."

ಚೋಮಿ ಒರೆಸುವುದನ್ನು ನಿಲ್ಲಿಸಿದಳು. "ಅದು ನೀವೇ ಅಲ್ವಾ ಅಮ್ಮ?"

"ನಾನಾ?"

"ನೀವೇ. ನಾಲ್ಕೂಕಾಲು ಬಸ್ಸು ಇತ್ತಲ್ಲ ಆಗ, ಸಿದ್ದಾಪುರಕ್ಕೆ. ಅದು ಹೋದ್ರೆ ಆರು ಗಂಟೆಗೇ ಇದ್ದದ್ದು. ಮಗು ಪಕ್ಕದ ಮನೇಲಿದೆ, ನಾಲ್ಕಕ್ಕೆ ಸರಿಯಾಗಿ ಗಂಟೆ ಹೊಡಿ ಚೋಮಿ, ಒಂದು ನಿಮಿಷ ತಡ ಮಾಡ್ಬೇಡ ಅಂತ ಹೇಳ್ತಿದ್ರಿ. ನಾನೂ ಅದೇ ಬಸ್ಸಲ್ವಾ. ಇಬ್ರೂ ಓಡ್ತಿದ್ವಿ."

ವೇದಾವತಿ ಕುರ್ಚಿಯಲ್ಲಿ ಕೂತರು. ಆಮೇಲೆ ಎದ್ದು, ಕೌನ್ಸಿಲ್ಲಿನ ಪುಸ್ತಕಗಳನ್ನು ಬಿಟ್ಟು, ಮೊದಲ ವರ್ಷದ ಸುತ್ತೋಲೆಗಳ ಫೈಲನ್ನು ತೆಗೆದರು. ಹತ್ತು ನಿಮಿಷದಲ್ಲಿ ಸಿಕ್ಕಿತು. ಇಂಟರ್ನಲ್ ಪರೀಕ್ಷೆಗಳು ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ; ಸಿಬ್ಬಂದಿಗೆ ಸಿದ್ದಾಪುರದ ಬಸ್ಸು ಸಿಗುವಂತೆ ಈ ವ್ಯವಸ್ಥೆ. ಕೆಳಗೆ ಆಗಿನ ಪ್ರಿನ್ಸಿಪಾಲರ ಸಹಿ. ಅವರು ಕೊಟ್ಟದ್ದಕ್ಕೆಲ್ಲ ಸಹಿ ಹಾಕುತ್ತಿದ್ದವರು, ತೀರಿಕೊಂಡು ಆರು ವರ್ಷವಾಗಿತ್ತು. ಎಡಗಡೆಯ ಮೂಲೆಯಲ್ಲಿ, ಕರಡು ತಯಾರಿಸಿದವರ ಜಾಗದಲ್ಲಿ, ಕೆಂಪು ಪೆನ್ನಿನಲ್ಲಿ ಪುಟ್ಟದಾಗಿ ‘ವೇ’ ಎಂದಿತ್ತು.

ಆಗ ಗಂಡ ಸೀತಾರಾಮ ಕರಿಕೆಯ ಶಾಲೆಯಲ್ಲಿ ಮೇಷ್ಟ್ರು, ಮನೆಗೆ ಬರುತ್ತಿದ್ದದ್ದು ಶನಿವಾರ. ಮಗಳು ಸಂಹಿತಾಳಿಗೆ ಮೂರು ವರ್ಷ. ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಐದು ಗಂಟೆಯಾದರೆ ಮಗುವಿಗೆ ಚಪ್ಪಲಿ ಹಾಕಿ ಗೇಟಿನಲ್ಲಿ ನಿಲ್ಲಿಸಿಬಿಡುತ್ತಿದ್ದರು. ಇದೆಲ್ಲ ನೆನಪಿತ್ತು. ಸುತ್ತೋಲೆ ಮಾತ್ರ ಪೂರ್ತಿ ಮರೆತುಹೋಗಿತ್ತು. ಆ ಬಸ್ಸೋ, ಕೊರೋನಾ ಬಂದ ವರ್ಷ ನಿಂತದ್ದು ಮತ್ತೆ ಓಡಲಿಲ್ಲ. ಸಂಹಿತಾ ಈಗ ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಬಸ್ಸೂ ಇಲ್ಲ, ಗೇಟಿನಲ್ಲಿ ಮಗುವೂ ಇಲ್ಲ, ಅವಧಿ ಮಾತ್ರ ತೊಂಬತ್ತು ನಿಮಿಷವಾಗಿಯೇ ಉಳಿದು ಅಕಾಡೆಮಿಕ್ ಕೌನ್ಸಿಲ್ಲಿನ ತೀರ್ಮಾನವೆಂದು ದೊಡ್ಡ ಹೆಸರು ಪಡೆದುಕೊಂಡಿತ್ತು.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದರು. ಈಗ ಸಿದ್ದಾಪುರದಲ್ಲೇ ಹೆಡ್‌ಮಾಸ್ಟರಾಗಿದ್ದ ಸೀತಾರಾಮ ಸಾವಧಾನದ ಮನುಷ್ಯ.

"ಆ ಕಾಗದವನ್ನ ತೋರಿಸ್ಲೇಬೇಕು ಅಂತ ಎಂತ ಉಂಟು?" ಎಂದರು. "ಹುಡುಕಿದೆ, ತೀರ್ಮಾನ ಯಾವುದೂ ಸಿಗ್ಲಿಲ್ಲ ಅಂತ ಹೇಳು. ಅದೂ ಸುಳ್ಳಲ್ಲ."

"ಹಾಗೆ ಹೇಳಿದ್ರೆ ಆ ಮನುಷ್ಯ ಎಂತ ಹೇಳ್ತಾರೆ ಗೊತ್ತುಂಟಾ? ಸಿಗದಿದ್ರೆ ಏನಾಯ್ತು, ಹಿಂದಿನವರು ಏನೋ ಯೋಚನೆ ಮಾಡಿಯೇ ಮಾಡಿರ್ತಾರೆ ಅಂತಾರೆ. ಯಾರೂ ಯೋಚನೆ ಮಾಡ್ಲಿಲ್ಲ, ನಾನು ಬಸ್ಸು ಹಿಡೀಲಿಕ್ಕೆ ಮಾಡಿದ್ದು ಅಂತ ಹೇಳಿದ್ರೇನೇ ಅವರ ಬಾಯಿ ಮುಚ್ಚೋದು."

"ನಿನಗೆ ಮೆಮೊ ಕೊಟ್ರೆ?"

"ಕೊಡ್ಲಿ" ಎಂದು ವೇದಾವತಿ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದರು. ಹೇಳಿದಷ್ಟು ಧೈರ್ಯ ಅವರಿಗಿರಲಿಲ್ಲ. ಟ್ರಸ್ಟಿನವರು ಇಂಥದ್ದನ್ನೇ ಕಾಯುವ ಜನವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹದಿನಾರು ವರ್ಷದ ಕೆಲಸದ ಮೇಲೆ ಒಬ್ಬ ಗುಮಾಸ್ತೆಯ ಬಸ್ಸಿನ ಕಥೆ ಕೂತುಬಿಡುತ್ತದೆ. ಆದರೂ ಸುತ್ತೋಲೆಯನ್ನು ಪುನಃ ಫೈಲಿಗೆ ಸೇರಿಸದೆ ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದರು.

ಸಮಿತಿಯ ಸಭೆ ಸೋಮವಾರ ಸೇರಿತು. ಪ್ರಿನ್ಸಿಪಾಲ್ ಡಾಕ್ಟರ್ ನಂಜಪ್ಪ, ಕಿವಿ ಮೂಗು ಗಂಟಲಿನ ತಜ್ಞರು. ಮಾತು ಕಡಿಮೆ, ಊಟದ ಹೊತ್ತಿಗೆ ಸಭೆ ಮುಗಿಯಬೇಕೆಂಬುದು ಅವರ ಒಂದೇ ಬೇಡಿಕೆ. ವಿಷ್ಣುಪ್ರಸಾದರು ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದರು. ಮರುಪರೀಕ್ಷೆಯ ವಿಷಯ ಬಂದಾಗ ವೇದಾವತಿ ಎದ್ದು ನಿಂತರು. ಹದಿನಾರು ವರ್ಷದಲ್ಲಿ ಆ ಸಭೆಯಲ್ಲಿ ಅವರು ನಡಾವಳಿ ಬರೆದುಕೊಂಡಿದ್ದರೇ ಹೊರತು ಮಾತಾಡಿರಲಿಲ್ಲ.

"ಸರ್, ಈ ಪೇಪರಿನ ಹತ್ತೊಂಬತ್ತನೇ ಪ್ರಶ್ನೆಯನ್ನ ನೀವೊಂದು ಸಲ ಓದ್ಬೇಕು. ಜೋರಾಗಿ ಬೇಡ, ನಿಮ್ಮಷ್ಟಕ್ಕೆ."

ನಂಜಪ್ಪ ಕನ್ನಡಕ ಏರಿಸಿ ಓದತೊಡಗಿದರು. ವೇದಾವತಿ ಕೈಗಡಿಯಾರ ನೋಡುತ್ತ ನಿಂತರು. ಸಾಹೇಬರ ಹುಬ್ಬು ಮೇಲೇರಿತು, ಪುಟ ತಿರುಗಿತು, ಮತ್ತೆ ಹಿಂದಕ್ಕೆ ಬಂತು.

"ಇದರಲ್ಲಿ ಪ್ರಶ್ನೆ ಎಲ್ಲಿದೆ?" ಎಂದರು.

"ಮುಂದಿನ ಪುಟದ ಕೆಳಗಡೆ ಸರ್. ಇಷ್ಟಕ್ಕೆ ಒಂದು ನಿಮಿಷ ಹನ್ನೆರಡು ಸೆಕೆಂಡ್ ಆಯ್ತು. ಮಕ್ಕಳಿಗೆ ಒಂದು ಪ್ರಶ್ನೆಗೆ ಇರೋದು ಐವತ್ತನಾಲ್ಕು."

ವಿಷ್ಣುಪ್ರಸಾದ್ ಲ್ಯಾಪ್‌ಟಾಪಿನಿಂದ ತಲೆಯೆತ್ತಿದರು. "ಸರ್, ಇದನ್ನ ನಾನು ಆಗಲೇ ಹೇಳಿದ್ದೇನೆ. ಟೈಮ್ ಕೌನ್ಸಿಲ್ ಮಾಡಿದ್ದು."

"ಅಲ್ಲ ಸರ್" ಎಂದರು ವೇದಾವತಿ. "ಆ ತೊಂಬತ್ತು ನಿಮಿಷ ನಾನು ಮಾಡಿದ್ದು." ಸುತ್ತೋಲೆಯನ್ನು ಮೇಜಿನ ಮೇಲಿಟ್ಟರು. "ನಾಲ್ಕೂಕಾಲಿಗೆ ಸಿದ್ದಾಪುರದ ಬಸ್ಸಿತ್ತು. ನನ್ನ ಮಗಳು ಚಿಕ್ಕವಳು. ಬಸ್ಸಿನ ಹೊತ್ತನ್ನ ನೋಡಿ ಪರೀಕ್ಷೆಯ ಹೊತ್ತು ಬರೆದೆ. ಆಗ ಪ್ರಶ್ನೆಗಳು ಒಂದೊಂದು ಸಾಲು, ತೊಂಬತ್ತು ನಿಮಿಷ ಧಾರಾಳವಾಗಿ ಸಾಲ್ತಿತ್ತು. ಆಮೇಲೆ ಪ್ರಶ್ನೆ ಬೆಳೀತಾ ಬಂತು, ಸಮಯ ಬೆಳೀಲಿಲ್ಲ. ಬರೇ ಓದ್ಲಿಕ್ಕೆ ಎಷ್ಟು ಬೇಕು ಅನ್ನೋದು ಪ್ರತಿ ವರ್ಷದ್ದೂ ನನ್ನ ಹತ್ರ ಇತ್ತು. ನಾನೂ ನೋಡ್ಲಿಲ್ಲ."

ನಂಜಪ್ಪ ಸುತ್ತೋಲೆಯನ್ನು ಎರಡು ಸಲ ಓದಿದರು.

"ಅಂದ್ರೆ ಇಷ್ಟು ವರ್ಷ ನಾವೆಲ್ಲ ಒಂದು ಬಸ್ಸಿಗೋಸ್ಕರ ಪರೀಕ್ಷೆ ನಡೆಸ್ತಾ ಇದ್ವಾ?"

"ಹೌದು ಸರ್. ಅದೂ ನಿಂತುಹೋದ ಬಸ್ಸು."

ನಂಜಪ್ಪ ನಗಲಿಲ್ಲ. ವಿಷ್ಣುಪ್ರಸಾದರ ಮುಖ ಕೆಂಪಗಾಗಿತ್ತು. ತಾವು ಇಷ್ಟು ದಿನ ಕೌನ್ಸಿಲ್ ಎಂದುಕೊಂಡು ಕಾಪಾಡಿದ್ದು ಏನನ್ನು ಎಂಬುದು ಅವರಿಗೂ ಈಗ ತಾಗಿತ್ತು. ಆದರೂ ಬಿಟ್ಟುಕೊಡಲಿಲ್ಲ. "ಸರಿ, ಒಪ್ಪುವಾ. ಟೈಮ್ ಜಾಸ್ತಿ ಕೊಟ್ಟರೆ ಎಲ್ಲರೂ ಪಾಸಾಗ್ತಾರೆ. ಆಮೇಲೆ ಪರೀಕ್ಷೆ ಅಂತ ಯಾಕೆ?"

"ಗೊತ್ತಿಲ್ಲದವನಿಗೆ ಇಡೀ ದಿನ ಕೊಟ್ರೂ ಗೊತ್ತಾಗುದಿಲ್ಲ ಸರ್. ಗೊತ್ತಿದ್ದವರು ಪಾಸಾದ್ರೆ ನಮಗೇನು ಕಷ್ಟ?" ವೇದಾವತಿಯವರ ಸಹನೆ ಅಲ್ಲಿಗೆ ಮುಗಿದಿತ್ತು. "ನಾನು ಓದ್ಲಿಕ್ಕೆ ಎಷ್ಟು ನಿಮಿಷ ತಗೊಳ್ತೇನೋ ಅದರ ಎರಡರಷ್ಟು ಕೊಡಿ. ನೀವು ಉದ್ದ ಬರೆದ್ರೆ ಉದ್ದ ಸಮಯ, ಗಿಡ್ಡ ಬರೆದ್ರೆ ಗಿಡ್ಡ ಸಮಯ. ರೋಗಿಯ ಮನೆಯ ನಾಯಿ ಬೇಕೇಬೇಕಾದ್ರೆ ಇರ್ಲಿ, ಆದ್ರೆ ಅದಕ್ಕೂ ಸಮಯ ಕೊಡಿ."

ಯಾರೋ ಕೆಮ್ಮಿದರು. ನಂಜಪ್ಪ ಗಡಿಯಾರ ನೋಡಿಕೊಂಡು, ಮರುಪರೀಕ್ಷೆಗೆ ಎರಡೂವರೆ ಗಂಟೆಯ ಅವಧಿ, ಫಲಿತಾಂಶ ನೋಡಿ ಮುಂದಿನದಕ್ಕೆ ನಿಯಮ ಎಂದು ಹೇಳಿದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಆ ಕಾಗದ ನನ್ನ ಹತ್ರ ಇರ್ಲಿ ವೇದಾವತಿ. ಟ್ರಸ್ಟಿನವರಿಗೆ ಇಂಥದ್ದೆಲ್ಲ ಅರ್ಥ ಆಗುದಿಲ್ಲ" ಎಂದು ಸುತ್ತೋಲೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಮರುಪರೀಕ್ಷೆಯ ದಿನ ಮಧ್ಯಾಹ್ನವೇ ಮಂಜು ಇಳಿದು ಪರೀಕ್ಷಾ ಹಾಲಿನಲ್ಲಿ ದೀಪ ಹಾಕಬೇಕಾಯಿತು. ಹದಿನೆಂಟು ಜನ ಬರೆಯುತ್ತಿದ್ದರು. ಉಷಾರಾಣಿ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಓದುವಾಗ ಅವಳ ತುಟಿಯೂ ಅಲ್ಲಾಡುವುದನ್ನು ವೇದಾವತಿ ಅಂದು ಮೊದಲ ಸಲ ಗಮನಿಸಿದರು. ನಾಲ್ಕು ಗಂಟೆಗೆ ಸರಿಯಾಗಿ ಚೋಮಿ ವರಾಂಡದ ಸ್ಟೂಲಿನಿಂದ ಎದ್ದು, ಹದಿನಾರು ವರ್ಷದ ಅಭ್ಯಾಸದಂತೆ ಗಂಟೆ ಹೊಡೆಯುವ ಕೊಡತಿ ಎತ್ತಿದಳು. ವೇದಾವತಿ ಓಡಿಹೋಗಿ ಅವಳ ಕೈ ಹಿಡಿದುಕೊಂಡರು.

"ಇವತ್ತು ಐದಕ್ಕೆ ಅಂತ ಬೆಳಗ್ಗಿಂದ ನಾಲ್ಕು ಸಲ ಹೇಳಿದೆ ಚೋಮಿ."

"ಕೈ ಅದಾಗಿಯೇ ಹೋಯ್ತು ಅಮ್ಮ" ಎಂದು ಚೋಮಿ ಸಂಕೋಚದಿಂದ ಕೊಡತಿಯನ್ನು ಕೆಳಗಿಟ್ಟಳು. ವೇದಾವತಿ ಅದನ್ನು ತಾವೇ ಎತ್ತಿಕೊಂಡು ಹಾಲಿನ ಬಾಗಿಲಲ್ಲಿ ಹೋಗಿ ನಿಂತರು. ನಾಲ್ಕೂವರೆಯ ಹೊತ್ತಿಗೆ ಒಬ್ಬೊಬ್ಬರೇ ಹಾಳೆ ಕೊಟ್ಟು ಹೊರಟರು. ಐದಕ್ಕೆ ಐದು ನಿಮಿಷ ಇರುವಾಗ ಉಷಾರಾಣಿ ಪೆನ್ನು ಕೆಳಗಿಟ್ಟಳು.

ಐದೂಕಾಲಿಗೆ ಕಾಲೇಜಿನ ಕೆಳಗಿನ ಸ್ಟಾಪಿನಲ್ಲಿ ವೇದಾವತಿ, ಉಷಾರಾಣಿ ಇಬ್ಬರೂ ಜೊತೆಯಾದರು. ಶನಿವಾರವಾದ್ದರಿಂದ ಉಷಾರಾಣಿ ಮಡಿಕೇರಿಯ ಮೇಲಿಂದ ಊರಿಗೆ ಹೊರಟಿದ್ದಳು. ಅವಳ ಮುಖ ನೋಡಿಯೇ ವೇದಾವತಿಗೆ ಗೊತ್ತಾಯಿತು.

"ಎಷ್ಟು ಮಾಡಿದೆ?"

"ತೊಂಬತ್ತೆಂಟು ಮೇಡಂ. ಎರಡು ಬಿಟ್ಟೆ. ಈ ಸಲ ಗೊತ್ತಿಲ್ದಿರೋದನ್ನ ಮಾತ್ರ ಬಿಟ್ಟೆ." ಬಸ್ಸು ಬರುವ ದಾರಿಯನ್ನೊಮ್ಮೆ ನೋಡಿ ಹೇಳಿದಳು, "ಎಲ್ಲಾ ನಿಮ್ಮಿಂದ ಮೇಡಂ. ನೀವು ಮೀಟಿಂಗಲ್ಲಿ ಜಗಳ ಆಡಿದ್ರಂತೆ. ನಮ್ಮವ್ವಂಗೂ ಫೋನಲ್ಲಿ ಹೇಳ್ದೆ."

ಈ ಥ್ಯಾಂಕ್ಸನ್ನು ಇಟ್ಟುಕೊಳ್ಳುವುದು ವೇದಾವತಿಯವರಿಂದ ಆಗಲಿಲ್ಲ. ಸುಮ್ಮನಿದ್ದರೆ ಅದು ಅವರದೇ ಆಗಿಬಿಡುತ್ತಿತ್ತು.

"ಮೊದಲನೇ ಸಲ ನೀನು ಫೇಲಾದದ್ದೂ ನನ್ನಿಂದಲೇ" ಎಂದರು. ಬಸ್ಸಿನ ಕಥೆಯನ್ನೂ ಸುತ್ತೋಲೆಯನ್ನೂ ಕೆಂಪು ಪೆನ್ನಿನ ಲೆಕ್ಕವನ್ನೂ ಒಂದೂ ಬಿಡದೆ ಹೇಳಿದರು. ಉಷಾರಾಣಿ ಬ್ಯಾಗಿನ ಪಟ್ಟಿಯನ್ನು ಹಿಡಿದುಕೊಂಡು ಕೇಳಿದಳು. ಕೋಪ ಮಾಡಿಕೊಂಡಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕೋಪ ಮಾಡಿಕೊಳ್ಳಲಿಲ್ಲ.

"ನಂಗೇನೋ ಆಯ್ತು ಬಿಡಿ ಮೇಡಂ" ಎಂದಳು. "ಕರಿಕೆ ವಿನುತಕ್ಕಂಗೆ ಗೊತ್ತಾ ಇದು? ಅವ್ರೂ ಹಿಂಗೇ ಟೈಮ್ ಸಾಲ್ದೆ ಹಿಂದೆ ಉಳ್ದೋರು. ಅವ್ರು ಇನ್ನೂ ಹೇಳ್ತಿರ್ತಾರೆ, ನಾನು ದಡ್ಡಿ ಕಣೇ, ನಿಮ್ಮಷ್ಟು ತಲೆ ಓಡಲ್ಲ ನಂಗೆ ಅಂತ. ಅವ್ರತ್ರಾನೇ ನಾನು ಇಸಿಜಿ ಕಲ್ತಿದ್ದು."

"ಅವಳು ಈಗ ಎಲ್ಲಿದ್ದಾಳೆ?"

"ಇಲ್ಲೇ, ಹೌಸ್ ಸರ್ಜನ್. ಈ ವಾರ ಕ್ಯಾಶುವಾಲ್ಟಿ ಡ್ಯೂಟಿ."

ಮಡಿಕೇರಿಯ ಬಸ್ಸು ಮಂಜಿನೊಳಗಿಂದ ಬಂದು ನಿಂತಿತು. ಉಷಾರಾಣಿ ಹತ್ತಿಕೊಂಡಳು. ಅದು ಹೊರಟ ಬೆನ್ನಿಗೇ ಎದುರು ದಿಕ್ಕಿನಿಂದ ಸಿದ್ದಾಪುರದ ಬಸ್ಸೂ ಬಂತು, ವೇದಾವತಿ ಈಗ ದಿನವೂ ಹೋಗುವ ಐದೂ ಇಪ್ಪತ್ತರ ಹೊಸ ಬಸ್ಸು. ಪರಿಚಯದ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, "ಬನ್ನಿ ಮೇಡಂ, ಸೀಟುಂಟು" ಎಂದು ಕರೆದ. ಅವರು ಬೇಡವೆಂದು ಕೈಯಾಡಿಸಿದರು.

ಬಸ್ಸು ಹೊರಟುಹೋಯಿತು. ವೇದಾವತಿ ಬ್ಯಾಗನ್ನು ಹೆಗಲಿಗೇರಿಸಿಕೊಂಡು ಆಸ್ಪತ್ರೆಯ ಕಡೆಗೆ ಏರುದಾರಿಯನ್ನು ಹತ್ತತೊಡಗಿದರು. ನೀನು ದಡ್ಡಿಯಲ್ಲ, ನಾನು ನಿನಗೆ ಸಮಯ ಕೊಡಲಿಲ್ಲ ಎಂದು ಹೇಳಬೇಕಿತ್ತು. ಹೇಳಲು ಅರ್ಧ ನಿಮಿಷವೂ ಬೇಡದ ಆ ಮಾತಿಗೆ ಮೂರ್ನಾಲ್ಕು ವರ್ಷ ತಡವಾಗಿತ್ತು.